ಮೂವತ್ತೊಂದನೆಯ ಮನೆ

ಅರಬಾ, ಇಗೋ ನಿನ್ನ ಚೀಟಿ.
ಬೆರಳಗಲದ ಮೂವತ್ತೊಂದು ಮನೆ, ಎಲ್ಲ ಖಾಲಿ.
ದಿನಕ್ಕೆ ಐದು ಸೇಡಿ ಅಂದೆ. ಸರಿ.
ಇಪ್ಪತ್ತು ಅಂದಿದ್ದರೆ ಬೇಡ ಅನ್ನುತ್ತಿದ್ದೆ.
ಮೊದಲ ಸಂಬಳದ ವಾರ ಎಲ್ಲರೂ ಇಪ್ಪತ್ತು ಅನ್ನುವವರೇ,
ತಿಂಗಳ ಕೊನೆಗೆ ನನ್ನ ಸೈಕಲ್ ಗಂಟೆ ಕೇಳಿದರೆ
ಕಕ್ಕಸಿಗೆ ಹೋಗಿ ಅಗಳಿ ಹಾಕಿಕೊಳ್ಳುತ್ತಾರೆ.

ಟಾಕೊರಾಡಿಯ ಈ ದುಂಡು ಮಾರುಕಟ್ಟೆಯನ್ನು
ಮೂವತ್ತನಾಲ್ಕು ವರ್ಷ ಸುತ್ತಿದ್ದೇನೆ, ಗಾಣದ ಎತ್ತಿನ ಹಾಗೆ.
ನಿಮ್ಮಜ್ಜಿ ಮೀನಿನ ತಟ್ಟೆಯಡಿಯಿಂದ ತೆಗೆದು ಕೊಟ್ಟ ನೋಟು
ಮನೆಗೆ ಒಯ್ದರೂ ಹೊಗೆ ಹೊಗೆ.
ನನ್ನ ಹೆಂಡತಿ ಅವಕ್ಕೆ ಬೇರೆ ಡಬ್ಬಿ ಇಟ್ಟಿದ್ದಳು.

ಫೋನಿನಲ್ಲೇ ಕೂಡಿಡಬಹುದಲ್ಲ ಅಂತ
ಔಷಧಿ ಅಂಗಡಿಯ ನಿನ್ನ ಗೆಳತಿ ನಗುತ್ತಾಳೆ.
ಕೂಡಿಡು, ಬೇಡವೆಂದವರು ಯಾರು?
ಬ್ಯಾಂಕಿಗೂ ಹೋಗು. ಅವರು ಬಡ್ಡಿ ಕೊಡುತ್ತಾರೆ,
ನಾನೋ, ತಿಂಗಳಿಗೊಂದು ಮನೆ ನುಂಗುವವನು.
ಆದರೆ ಫೋನಿಗೆ ಎರಡು ಕೈ.
ಒಂದು ನಿನ್ನದನ್ನು ಇಟ್ಟುಕೊಳ್ಳುತ್ತದೆ,
ಇನ್ನೊಂದು ರಾತ್ರಿ ಹನ್ನೊಂದಕ್ಕೆ ಭುಜ ತಟ್ಟಿ
"ಇನ್ನೂರು ಬೇಕಾ? ಈಗಲೇ ತಗೋ" ಅನ್ನುತ್ತದೆ.
ನಮ್ಮ ಕಾಲದ ಸಾಲಕ್ಕೆ ಮೀಸೆಯಿತ್ತು,
ಹೊಸ್ತಿಲಲ್ಲಿ ಕೂತು ಕೆಮ್ಮುತ್ತಿತ್ತು.
ಇಷ್ಟು ಮೆತ್ತಗೆ ಮಾತಾಡುವ ಸಾಲವನ್ನು
ನಾನು ಕಂಡದ್ದು ಈಚೆಗೆ.

ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನಲಾರೆ.
ಇಪ್ಪತ್ತೆರಡರ ಕಾಲು, ಚಾಚಲಿ.
ಹಾಸಿಗೆ ಎಷ್ಟುದ್ದ ಅಂತ
ಒಂದು ಸಲ ಮೊಳ ಹಾಕಿ ನೋಡಿರು.
ಯಾರೋ ತೀರಿಕೊಂಡರೆ ಮನೆಮಂದಿಗೆಲ್ಲ ಒಂದೇ ಬಟ್ಟೆ.
ಹೊಲಿಸು. ನಾಳೆ ನಮಗೂ ಜನ ಬೇಕು.
ಆರು ಗಜ ಸಾಕಾದ ಕಡೆ ಹನ್ನೆರಡು ಬೇಡ,
ಸತ್ತವರು ಗಜ ಎಣಿಸುವುದಿಲ್ಲ.

ಈಗ ಬೇರೆ ಮಾತು. ಕೂತುಕೋ.

ಹದಿನೇಳು ವರ್ಷದ ಹಿಂದೆ, ಆಗಸ್ಟು,
ಸಮುದ್ರ ಮೀನನ್ನು ಬುಟ್ಟಿಗಟ್ಟಲೆ ಸುರಿದ ತಿಂಗಳು.
ನನ್ನ ಚೀಲದಲ್ಲಿ ನಲವತ್ತು ಜನರ ಬೆವರು.
ಅಣ್ಣ ಎಕೊವ್ ಬಂದ. ದೋಣಿಗೆ ಮೋಟಾರು ಬೇಕಂತೆ,
ನಾಳಿದ್ದು ಕೊಟ್ಟುಬಿಡುತ್ತಾನಂತೆ.
ಕೊಟ್ಟೆ.
ಮೋಟಾರು ಬಂತು, ಕೆಟ್ಟು ನಿಂತಿತು,
ನಾಳಿದ್ದು ಮಾತ್ರ ಬರಲೇ ಇಲ್ಲ.
ಆ ಮೂವತ್ತೊಂದಕ್ಕೆ ಕಕ್ಕಸಿನೊಳಗೆ
ಅಗಳಿ ಹಾಕಿಕೊಂಡು ಕೂತವನು ನಾನು.

ಹೊರಗೆ ನಿಮ್ಮಜ್ಜಿ. ಕೂಗಲಿಲ್ಲ, ಶಪಿಸಲಿಲ್ಲ.
"ಬಾ, ಎಣಿಸೋಣ" ಅಂದಳು.
ಅವಳಿಗೆ ಓದು ಬಾರದು.
ನೆಲದ ಮೇಲೆ ಹುರುಳಿಕಾಳು ಗುಂಪು ಮಾಡಿದಳು,
ಒಂದೊಂದು ಗುಂಪಿಗೆ ಒಂದೊಂದು ಹೆಸರು.
ಅಲ್ಲಿಯವರೆಗೆ ಅದು ಕತ್ತಲೆಯಷ್ಟು ದೊಡ್ಡದಿತ್ತು,
ಎಣಿಸಿ ಮುಗಿಸಿದಾಗ ಎರಡು ಸೇರಿನಷ್ಟಾಯಿತು.
ಆಮೇಲೆ ನನ್ನನ್ನು ಕರೆದುಕೊಂಡು ಅಂಗಡಿ ಅಂಗಡಿಗೆ ಹೋದಳು.
ಕೆಲವರು ಬೈದರು. ಒಬ್ಬಳು ಉಗಿದಳು. ಸರಿಯೇ.
ಎರಡು ವರ್ಷ, ನಾಲ್ಕು ತಿಂಗಳು
ನನ್ನ ಮೂವತ್ತೊಂದನೆಯ ಮನೆ ನನಗೆ ಸೇರಲಿಲ್ಲ.
ಕೊನೆಯ ಗುಂಪು ಅವಳದು.
"ನನ್ನದು ಕೊನೆಗಿರಲಿ" ಅಂದಿದ್ದಳು, ಮೊದಲ ದಿನವೇ.

ಅದಕ್ಕೇ ಹೇಳುವುದು, ನನ್ನನ್ನು ನಂಬು, ಎಣಿಸು ಕೂಡ.
ನನ್ನೆದುರೇ ಎಣಿಸು, ಮುಖ ಊದಿಸಿಕೊಳ್ಳುವುದಿಲ್ಲ.
ಚೀಟಿಯಲ್ಲಿ ನಾನು ಗೀಟು ಹಾಕಿದರೆ
ನನ್ನ ಪುಸ್ತಕದಲ್ಲಿ ನೀನೇ ಹಾಕು.
ಅಣ್ಣ ಕೇಳಲಿ, ಗೆಳೆಯ ಕೇಳಲಿ,
ಎಷ್ಟು ಕಳೆದರೆ ನಿದ್ದೆ ಕೆಡುವುದಿಲ್ಲವೋ ಅಷ್ಟು ಕೊಡು,
ಕೊಟ್ಟದ್ದನ್ನು ಮರೆತುಬಿಡು.
ತಪ್ಪಿದೆಯೋ, ಅಗಳಿ ತೆಗೆದು ಬೇಗ ಹೊರಗೆ ಬಾ.

ಹ್ಞಾಂ, ಐದು ಸೇಡಿ.
ಐವತ್ತರ ನೋಟೇ? ಚಿಲ್ಲರೆ ಇಲ್ಲ ನನ್ನ ಹತ್ತಿರ.
ನಾಳೆ ಕೊಡುತ್ತೇನೆ ಅನ್ನಬೇಡ.
ಅಗೋ, ಕೆಂಕಿ ಮಾರುವವಳ ಬಳಿ ಮುರಿಸಿಕೊಂಡು ಬಾ,
ಸೈಕಲ್ ಹಿಡಿದು ನಿಂತಿರುತ್ತೇನೆ.