ದಾರ ಕಟ್ಟಿದ ಷವರು

ಮೊದಲು ಸದ್ದನ್ನಷ್ಟೇ ರಿಪೇರಿ ಮಾಡಿದೆ.
ಷವರಿನ ಮೂತಿಗೊಂದು ಬಿಳಿ ದಾರ ಕಟ್ಟಿ
ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟೆ.
ಹನಿ ದಾರ ಹಿಡಿದು ಇಳಿಯಿತು,
ತಡವಾಗಿ ಮನೆಗೆ ಬಂದವರ ಹಾಗೆ
ಕಾಲ್ಸಪ್ಪಳವಿಲ್ಲದೆ.

ಒಂದು ತಿಂಗಳು ಹಾಗೇ ನಡೆಯಿತು.
ಕಠಾರಿಪಾಳ್ಯದ ನಮ್ಮ ಬೀದಿಗೆ
ನಲ್ಲಿ ನೀರು ಎಂಟು ದಿನಕ್ಕೊಮ್ಮೆ.
ನಡುವೆ ಟ್ಯಾಂಕರು, ಐನೂರೈವತ್ತು,
ಚಿಲ್ಲರೆ ಇಲ್ಲದಿದ್ದರೆ ಆರುನೂರು.
ಬಕೆಟ್ಟಿಗೆ ಬಿದ್ದದ್ದು ಪಾತ್ರೆಗಾಯಿತು, ನೆಲಕ್ಕಾಯಿತು,
ನಷ್ಟವೇನಿಲ್ಲ ಅಂದುಕೊಂಡೆ.
ಒಂದು ರಾತ್ರಿ ತುಂಬಿ ಹೊರಗೆ ಹರಿದು
ಬೆಳಿಗ್ಗೆ ಲೆಕ್ಕ ಹಾಕಿದರೆ
ಒಂದು ರವಿಕೆಯ ಕೂಲಿ
ಮೋರಿಗೆ ಹೋಗಿತ್ತು.

"ನಾಳೆ ನೋಡಾಣ ಬಿಡು" ಅಂದರು ಇವರು.
ಟೊಮೇಟೊ ಬಾಕ್ಸು ಹೇರಿಕೊಂಡು
ರಾತ್ರಿಯೆಲ್ಲ ಟೆಂಪೋ ಓಡಿಸುವವರ ನಾಳೆ
ನನ್ನ ನಾಳೆಗಿಂತ ಹನ್ನೆರಡು ಗಂಟೆ ತಡ.

ಮೂತಿ ಬಿಚ್ಚಿದೆ.
ತೂತುತೂತಿಗೂ ಉಪ್ಪುನೀರಿನ ಬಿಳಿ ಹಕ್ಕಳೆ.
ಹುಣಸೆಹಣ್ಣು ಕಿವುಚಿ ನೆನೆಹಾಕಿ
ಹೊಲಿಗೆ ಸೂಜಿಯಲ್ಲಿ ಒಂದೊಂದೇ ಕಣ್ಣು ಬಿಡಿಸಿದೆ,
ಅರವತ್ತನಾಲ್ಕು ಕಣ್ಣು.
ತಿರುಗಿ ಕೂಡಿಸಿದೆ.
ಫಳಫಳ ಹೊಳೆಯುತ್ತ
ಸೋರಿತು.

ಕ್ಲಾಕ್ ಟವರಿನ ಹತ್ತಿರ ಹಾರ್ಡ್‌ವೇರ್ ಅಂಗಡಿಯ ನಯಾಜ್ ಸಾಬರು
ಮೊಳೆ ತೂಗುತ್ತಲೇ ಅಂದರು:
"ನೆಗಡಿ ಆದ್ರೆ ಮೂಗು ಬಿಚ್ತಾರೇನಮ್ಮ?
ಕಾಯಿಲೆ ಗೋಡೇಲೈತೆ. ತಿರುಪೋ ನಲ್ಲಿ ಒಳಗೆ ನೋಡು."
ವಾಷರು ಎಂಟು ರೂಪಾಯಿ, ಟೆಫ್ಲಾನ್ ಟೇಪು ಹದಿನೈದು.
ಸ್ಪ್ಯಾನರು ಸಾಲ, ಸಂಜೆಯೊಳಗೆ ವಾಪಸ್ಸು.

ಮಾಳಿಗೆ ಹತ್ತಿ ವಾಲ್ವು ಮುಚ್ಚಿ ಬಂದೆ.
ಹಂಸಿಕ ಮೊಬೈಲು ಬೆಳಕು ಹಿಡಿದಳು.
ಮೆಸೇಜು ಬಂದಾಗೆಲ್ಲ
ಬೆಳಕು ಅವಳ ಗಲ್ಲಕ್ಕೆ ಹೋಗಿ ಬರುತ್ತಿತ್ತು.
ಬಿಚ್ಚಿದರೆ, ಹಳೆಯ ವಾಷರು ನಡುವೆ ಸೀಳಿ
ಬಹಳ ದಿನ ಬಿಗಿಹಿಡಿದವರ ತುಟಿಯ ಹಾಗಿತ್ತು.
ಹೊಸದು ಕೂರಲಿಲ್ಲ,
ಕಾಜ ದೊಡ್ಡದಾದ ಗುಂಡಿಯಂತೆ ಅಲುಗಾಡಿತು.
ಶುಕ್ರವಾರ, ಮಧ್ಯಾಹ್ನ,
ಸಾಬರ ಅಂಗಡಿ ಅರ್ಧ ಷಟರು ಎಳೆದಿರುವ ಹೊತ್ತು.

ಬಟ್ಟೆಯ ಕತ್ತರಿಗೆ ಕಾಗದ ಕೂಡ ತೋರಿಸದವಳು ನಾನು.
ಮೂರನೇ ಕ್ಲಾಸಿನಲ್ಲಿ ಇವಳು ಅದರಲ್ಲಿ
ಬಣ್ಣದ ಹಾಳೆ ಕತ್ತರಿಸಿದಳೆಂದು
ಎರಡು ದಿನ ಮಾತು ಬಿಟ್ಟಿದ್ದವಳು.
ಬಚ್ಚಲ ಬಾಗಿಲಲ್ಲಿ ಇವರ ಹವಾಯಿ ಚಪ್ಪಲಿ.
ಹಿಮ್ಮಡಿಯ ಅಂಚಿಗೆ ಹಳೆಯ ವಾಷರು ಇಟ್ಟು
ಬಟ್ಟೆಯ ಸುಣ್ಣದಲ್ಲಿ ಗೀಟೆಳೆದು
ಕೂದಲೆಳೆಯಷ್ಟು ಒಳಗೆ ಬಿಟ್ಟು, ಅಳತೆ ಅಳತೆಯೇ,
ಕತ್ತರಿಸಿದೆ. ದಪ್ಪವನ್ನು ಸೀಳಿ ತೆಳುವಾಗಿಸಿದೆ.
"ಅಮ್ಮಾ, ಕತ್ತರಿ!"
"ಬೆಳಕು ಹಿಡಿ."

ಟೇಪನ್ನು ಬಾಬಿನ್ನಿಗೆ ಸುತ್ತುವ ಹಾಗೆ ಸುತ್ತಿದೆ,
ಉಲ್ಟಾ ಸುತ್ತಿದ್ದೆ, ತಿರುಪುವಾಗ ಬಿಚ್ಚಿಕೊಂಡಿತು.
ತಪ್ಪಿದ ಹೊಲಿಗೆ ಬಿಚ್ಚುವುದು ನನಗೇನು ಹೊಸದಲ್ಲ.
ಇನ್ನೊಮ್ಮೆ ಸುತ್ತಿದೆ, ಏಳು ಸುತ್ತು,
ಬಿಗಿದೆ, ಬಳೆ ಒಂದು ಒಡೆಯುವ ತನಕ.

ರಾತ್ರಿ ಎರಡಕ್ಕೆ ಎಚ್ಚರವಾಯಿತು.
ಸದ್ದಿಲ್ಲ.
ಸದ್ದು ತಿಂಗಳಿಂದಲೂ ಇರಲಿಲ್ಲವಲ್ಲ,
ಅದನ್ನು ನಂಬುವುದು ಹೇಗೆ?
ಕತ್ತಲಲ್ಲೇ ಹೋಗಿ ದಾರವನ್ನು ಬೆರಳಲ್ಲಿ ಹಿಡಿದೆ.
ತುದಿಯಲ್ಲಿ ಒದ್ದೆ. ಮೇಲಕ್ಕೆ ಒಣಗಿತ್ತು.
ನಾಡಿ ನೋಡುವವರ ಹಾಗೆ
ಇನ್ನೂ ಸ್ವಲ್ಪ ಹೊತ್ತು ಹಿಡಿದು ನಿಂತಿದ್ದೆ.

ಬೆಳಿಗ್ಗೆ ಇವರು ಬಂದರು,
ಮೈಗೆಲ್ಲ ಟೊಮೇಟೊ ಗಿಡದ ಹಸಿ ವಾಸನೆ.
ಸ್ನಾನ ಮಾಡಿದರು, ಷವರು ನಿಲ್ಲಿಸಿದರು, ನಿಂತಿತು,
ಅದನ್ನು ಗಮನಿಸಲಿಲ್ಲ.
ಚಪ್ಪಲಿಗೆ ಕಾಲು ಹಾಕಿ, ತೆಗೆದು,
ಎತ್ತಿ ಬೆಳಕಿಗೆ ಹಿಡಿದು ನೋಡಿದರು.
"ಮನೇಲಿ ಇಲಿ ಸೇರ್ಕೊಂಡೈತೆ ಕಣೆ."
ಹೂಂ ಅಂದೆ. ಹಂಸಿಕ ಲೋಟದೊಳಗೆ ನಕ್ಕಳು.
"ನಾಳೆ ಬೋನು ತರಾಣ" ಅಂದರು.