ಸೊನ್ನೆ ಕೂರಿಸುವುದು

ಶುಕ್ರವಾರದ ಸಂತೆ, ಅಲ್ ರಾಯ್‌ನ ತಗಡಿನ ನೆರಳು.
ತಲೆಯಿಲ್ಲದ ಗೊಂಬೆ, ಟಿವಿ ಕಳಕೊಂಡ ರಿಮೋಟು,
ಮೂತಿ ಸೊಟ್ಟಾದ ಕಾಫಿ ದಲ್ಲಾಗಳ ನಡುವೆ
ಬಿದ್ದುಕೊಂಡಿತ್ತು, ತುಕ್ಕು ಹಿಡಿದ ಲಾಳದ ಹಾಗೆ.
ಮಾರುವ ಮುದುಕಿಗೂ ಗೊತ್ತಿರಲಿಲ್ಲ ಏನೆಂದು.
ಬೀಗ ಅಂದುಕೊಂಡಿದ್ದಳೋ ಏನೋ,
ಕೀಲಿ ಇಲ್ಲ ಎಂಬಂತೆ ಅಂಗೈ ತಿರುವಿ
"ನುಸ್ ದೀನಾರ್" ಅಂದಳು.
ಅರ್ಧ ದೀನಾರಿಗೆ ಮೈಕ್ರೋಮೀಟರು!
ಚೌಕಾಸಿಗೆ ಬಾಯಿ ಬರಲಿಲ್ಲ.

ತಿರುಗಲಿಲ್ಲ, ಕೂದಲೆಳೆಯಷ್ಟೂ.
ಇಕ್ಕಳ ಹಾಕಬಹುದಿತ್ತು. ಹರಿಹರದ ಐಟಿಐಯಲ್ಲಿ
ಮುರಿಗೆಪ್ಪ ಮೇಷ್ಟ್ರು ಹೇಳುತ್ತಿದ್ದರು:
ಅಳೆಯುವ ವಸ್ತುವಿನ ಮೇಲೆ ಬಲ ತೋರಿಸಬೇಡ,
ಸುಳ್ಳು ಹೇಳೋದು ಕಲಿತುಬಿಡ್ತದೆ.

ಟ್ಯೂನಾ ಡಬ್ಬಿಯಲ್ಲಿ ಸೀಮೆಎಣ್ಣೆ, ಮಂಚದ ಕೆಳಗೆ ಮೂರು ರಾತ್ರಿ.
ಕೋಣೆಯ ಆರೂ ಜನ ಮೂಗು ಮುಚ್ಚಿಕೊಂಡು ಬೈದರು.
ಆಮೇಲೊಂದು ಬೆಳಗಿನ ಜಾವ, ಬೆರಳಿಗೆ
ಅದು ಸಣ್ಣಗೆ ಒಪ್ಪಿಕೊಂಡಿತು.
ತಿರುಪಿನ ಸಾಲಿನಿಂದ ಕರಿ ಜಿಡ್ಡು, ಜಿಡ್ಡಿನಲ್ಲಿ ಮರಳು.
ಯಾವ ವರ್ಷದ ಧೂಳುಗಾಳಿಯೋ,
ಹಳೆ ಹಲ್ಲುಬ್ರಶ್ಶಿಗೆ ಹತ್ತಿ ಹೊರಬಂತು.
ಊರಿಗೆ ದುಡ್ಡು ಕಳಿಸಿದ ರಸೀತಿಯ ಅಂಚು ಹರಿದು
ಎರಡು ಮುಖಗಳ ನಡುವೆ ಕಚ್ಚಿಸಿ ಎಳೆದೆ,
ಎಳೆದೆ, ಕಾಗದ ಬೆಳ್ಳಗೆ ಬರುವ ತನಕ.

ಆಗ ಕಂಡಿತು ಬಿಲ್ಲಿನ ಒಳಮೈಯಲ್ಲಿ
ಯಾರೋ ಸೂಜಿಯಿಂದ ಕೆತ್ತಿದ ಗುರುತು:
ಒಂದು ಕೂಡಿಸುವ ಚಿಹ್ನೆ, ಪಕ್ಕದಲ್ಲಿ
ಒಂದರ ಮೇಲೊಂದು ಕೂತ ಎರಡು ಸೊನ್ನೆ. ಎಂಟು.
ಎಂಟು ಗೀಟು ಜಾಸ್ತಿ ತೋರಿಸುತ್ತದೆ, ಕಳೆದು ಓದಿಕೋ
ಎಂದು ತನಗೆ ತಾನೇ ಬರಕೊಂಡ ಚೀಟಿ.

ಮುಖ ಮುಚ್ಚಿದೆ. ಟಿಕ್ ಟಿಕ್ ಟಿಕ್.
ಸೊನ್ನೆ ದಾಟಿ ನಿಂತದ್ದು ನಾಲ್ಕೇ ಗೀಟು.
ಮತ್ತೆ ಒರೆಸಿದೆ, ಮತ್ತೆ ಮುಚ್ಚಿದೆ. ನಾಲ್ಕು.
ಸುಳ್ಳು ಯಾಕೆ, ಉಬ್ಬಿಹೋದೆ.
ಅರ್ಧ ತಪ್ಪು ನನ್ನ ಸೀಮೆಎಣ್ಣೆಯಲ್ಲೇ ಕರಗಿತು ಅಂತ
ಪಕ್ಕದ ಲೇಥಿನ ತೊಫಜ್ಜಲನನ್ನು ಕೂಗಿ ಕರೆದೆ.

ಅವನು ಕನ್ನಡಕ ಹಣೆಗೇರಿಸಿ ನೋಡಿದ.
ನಕ್ಕ. ಬರಿಸಾಲಿನವನ ನಗು, ಹೊಟ್ಟೆಯಿಂದ.
"ಇದು ಎಂಟಲ್ಲ ದಾದಾ, ನಮ್ಮ ನಾಲ್ಕು."

ನಾನು ಕಳೆದದ್ದು ಏನೂ ಇರಲಿಲ್ಲ, ಜಿಡ್ಡಿನ ಹೊರತು.
ಆ ಮನುಷ್ಯ ಸರಿಯಾಗೇ ಅಳೆದಿದ್ದ, ತನ್ನ ತಪ್ಪನ್ನ.

ಚಾಕ್‌ಪೀಸಿನಿಂದ ಲೇಥಿನ ಮೈಮೇಲೆ
ನಮ್ಮ ೪ ಬರೆದು ತೋರಿಸಿದೆ ತೊಫಜ್ಜಲನಿಗೆ.
ಬರೆಯದೆ ಎಷ್ಟು ಕಾಲವಾಗಿತ್ತೋ,
ಊರಿನ ಬಸ್ಸಿನ ಹಣೆಯ ಮೇಲೆ ಕೊನೆಗೆ ಕಂಡದ್ದು.
ಅವನು ಚಾಕು ಇಸಕೊಂಡು, ಏನೂ ಹೇಳದೆ,
ಅದರ ತೆರೆದ ಬಾಯಿಗೆ ಒಂದು ಕಮಾನು ಎಳೆದ.
ಮುಚ್ಚಿತು. ಅವರದಾಯಿತು.

ಹೊರಗೆ ನಲವತ್ತೊಂಬತ್ತು ಡಿಗ್ರಿ.
ಈ ಬಿಸಿಗೆ ಉಕ್ಕು ಉಬ್ಬುತ್ತದೆ, ಗೊತ್ತು;
ಅಳೆಯುವುದೂ ಅಳೆಸಿಕೊಳ್ಳುವುದೂ ಒಟ್ಟಿಗೇ ಉಬ್ಬಿದರೆ
ಯಾರಿಗೂ ತಿಳಿಯುವುದಿಲ್ಲ, ಲೆಕ್ಕ ಸರಿಹೋಗುತ್ತದೆ.

ಕೊಕ್ಕೆ ಪಾನಾ ಸಂತೆಯಲ್ಲಿ ಸಿಕ್ಕಿರಲಿಲ್ಲ.
ಪೈಪಿನ ಪಟ್ಟಿಯೊಂದನ್ನು ಅರದಿಂದ ಉಜ್ಜಿ ಮಾಡಿದೆ.
ತೋಳಿನ ಸಣ್ಣ ತೂತಿಗೆ ಸಿಕ್ಕಿಸಿ, ಉಸಿರು ಹಿಡಿದು,
ಒಂದಿಷ್ಟು. ಇನ್ನೊಂದಿಷ್ಟು.
ಸೊನ್ನೆಗೆ ಸೊನ್ನೆ ಕೂತಿತು.
ಈಗ ಆ ಕೆತ್ತನೆ ಸುಳ್ಳು.
ಎಮರಿ ಕಾಗದ ಕೈಯಲ್ಲೇ ಇತ್ತು.
ಮಡಚಿ ಕಿಸೆಗೆ ಹಾಕಿಕೊಂಡೆ.

ಮಾರನೆ ದಿನ ಪಂಪಿನ ಶಾಫ್ಟು, ಇಪ್ಪತ್ತೆರಡರದು.
ಇಪ್ಪತ್ತೆರಡು, ಮೇಲೆ ನಾಲ್ಕು ಗೀಟು ತೋರಿಸಿತು.
ಕಣ್ಣು ಕೆತ್ತನೆ ಓದಿತು, ಮನಸ್ಸು ತಾನಾಗಿ ನಾಲ್ಕು ಕಳೆಯಿತು,
ಕೆಲಸ ಮುಗಿಯಿತೆಂದು ಲೇಥು ನಿಲ್ಲಿಸಿದೆ.
ಬೇರಿಂಗು ಹತ್ತಲೇ ಇಲ್ಲ.

ತೊಫಜ್ಜಲ ಮತ್ತೆ ನಗುವ ಮೊದಲು
ನಾನೇ ನಕ್ಕೆ. ಪುಣ್ಯಕ್ಕೆ ತಪ್ಪಿದ್ದು ದಪ್ಪದ ಕಡೆಗೆ.
ತೆಳ್ಳಗಾಗಿದ್ದರೆ ಗುಜರಿ.
ಸ್ವಿಚ್ಚು ಒತ್ತಿದೆ. ಉಳಿಯ ಮೊನೆಯಿಂದ
ಹೆರಕಲು ಎದ್ದಿತು, ನೀಲಿ,
ಸುರುಳಿ ಸುರುಳಿಯಾಗಿ, ಬಿಸಿಬಿಸಿ.