ತೂತು ಬಿದ್ದ ಗೂಡು

ಪಿಳ್ಳಮ್ಮನ ಬೆರಳ ಗೆಣ್ಣುಗಳು
ಬೆಳಗಿನ ಹೊತ್ತು ಮಡಚುವುದಿಲ್ಲ.
ಶಿಡ್ಲಘಟ್ಟದ ಆ ಓಣಿಯಲ್ಲಿ ಐದೂವರೆಗೇ ಒಲೆ ಹತ್ತುತ್ತದೆ,
ಬಾಣಲೆಯಲ್ಲಿ ಗೂಡು ಕುದಿಯುತ್ತದೆ,
ಬಿಸಿನೀರಿಗೆ ಕೈಯಿಟ್ಟು ಅವಳು ಎಳೆ ಹುಡುಕುತ್ತಾಳೆ.
ಗೆಣ್ಣು ಸಡಿಲವಾಗುವುದು ಆಗಲೇ.
'ನೊಪ್ಪಿ' ಅನ್ನುತ್ತಾಳೆ.
ನೋವು ಅನ್ನುವುದು ಡಾಕ್ಟರ ಹತ್ತಿರ ಮಾತ್ರ.

ಅವಳ ಮನೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ.
ಚಿಕ್ಕಬಳ್ಳಾಪುರದ ಬಸ್ಸು ಹಿಡಿದು ಕಾಲೇಜಿನ ಲ್ಯಾಬಿಗೆ ಹೋಗಿ
ನಾನೂ ಗೂಡು ಕಟ್ಟುತ್ತೇನೆ.
ಕಣ್ಣಿಗೆ ಕಾಣದ್ದು,
ಸಾಸಿವೆಕಾಳಿನಷ್ಟು ಜಾಗದಲ್ಲಿ ಕೋಟಿಗಟ್ಟಲೆ ಹಿಡಿಸುವಂಥದು.

ಸೋಯಾದ ಕೊಬ್ಬನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ
ಗುಂಡು ಫ್ಲಾಸ್ಕನ್ನು ತಿರುಗಲು ಬಿಟ್ಟರೆ
ಗೋಡೆಗೆ ಹತ್ತುತ್ತದೆ ಒಂದು ಪೊರೆ, ಕಂಡೂ ಕಾಣದ ಹಾಗೆ.
ಅದಕ್ಕೆ ಕಿಣ್ವ ಬೆರೆಸಿದ ನೀರು. ಮತ್ತೆ ತಿರುಗಾಟ.
ಪೊರೆ ಏಳುತ್ತದೆ, ಮುದುಡುತ್ತದೆ,
ನೀರಿಗಾಗದ ಬಾಲಗಳೆಲ್ಲ ಒಂದಕ್ಕೊಂದು ಆತು,
ನೀರಿಗೊಲಿದ ತಲೆಗಳು ಒಳಗೂ ಹೊರಗೂ ಮುಖಮಾಡಿ
ತಮ್ಮಷ್ಟಕ್ಕೆ ತಾವೇ ದುಂಡಗಾಗುತ್ತವೆ.
ಯಾರೂ ಹೇಳಿಕೊಡುವುದಿಲ್ಲ.
ಹುಳಕ್ಕೆ ಯಾರು ಹೇಳಿಕೊಟ್ಟರು?

ಒಳಗೆ ಸಿಕ್ಕಿಕೊಂಡದ್ದು ಕ್ಯಾಟಲೇಸ್.
ಬರಿಮೈಯಲ್ಲಿ ರಕ್ತಕ್ಕೆ ಬಿಟ್ಟರೆ ಹೆಚ್ಚು ಹೊತ್ತು ಬಾಳದು.

ಊದಿದ ಕಡೆ ಏನಾಗುತ್ತದೆಂದರೆ,
ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದನ್ನು ನಾನು ಹೀಗೆ ಓದಿಕೊಂಡೆ:
ಕಾವಲಿಗೆ ಬಂದ ಬಿಳಿಯ ಕಣಗಳು
ಕಳ್ಳ ಹೋದ ಮೇಲೂ ಪಂಜು ಬೀಸುತ್ತಲೇ ಇರುತ್ತವೆ,
ಸ್ವಂತ ಮನೆಯ ಸೂರಿಗೇ ಕಿಡಿ.
ಕ್ಯಾಟಲೇಸಿಗೆ ಗೊತ್ತಿರುವುದು ಒಂದೇ ಕಸುಬು:
ಪೆರಾಕ್ಸೈಡನ್ನು ಹಿಡಿದು
ಒಂದಷ್ಟು ನೀರು, ಒಂದಷ್ಟು ಗಾಳಿ ಮಾಡಿ ಬಿಡುವುದು.

ಅಲ್ಲಿಗೆ ದಾರಿ?
ಉರಿಯುವ ಕಡೆ ರಕ್ತನಾಳದ ಗೋಡೆ ಸಂದು ಬಿಟ್ಟಿರುತ್ತದೆ.
ಊತ ಬಂದದ್ದು ಆ ಸಂದಿನಿಂದ,
ಗೂಡು ನುಸುಳುವುದೂ ಅಲ್ಲಿಂದಲೇ.
ಇಷ್ಟು ಬರೆದ ರಾತ್ರಿ
ನೋಟ್‌ಬುಕ್ಕು ಮುಚ್ಚಿ ಸುಮ್ಮನೆ ಕೂತಿದ್ದೆ.

ಹದಿನಾರು ಬ್ಯಾಚು ಹಾಳು.
ಕೆಲವು ಸೋರಿದವು, ಒಂದು ಮೊಸರಿನಂತೆ ಒಡೆಯಿತು,
ಮೂರು, ಕರೆಂಟು ಹೋಗಿ ಫ್ರಿಜ್ಜಿನಲ್ಲೇ ಸತ್ತವು.
ಹದಿನೇಳನೆಯದು,
ಕಡಲಪಾಚಿಯ ಸಾರ ಚುಚ್ಚಿ ನಾವೇ ಊದಿಸಿದ
ಇಲಿಯ ಹಿಂಗಾಲಿನ ಬಾವನ್ನು
ನಾಲ್ಕು ಗಂಟೆಯಲ್ಲಿ ಅರ್ಧಕ್ಕಿಳಿಸಿತು.

ಬಸ್ಸಿಳಿದವಳೇ ಓಡಿಬಂದು ಹೇಳಿದೆ.
ಬಾಣಲೆಯಿಂದ ಕಣ್ಣೆತ್ತದೆ ಕೇಳಿದಳು:
'ವಾಸಿಯಾದ ಇಲೀನ ಆಮೇಲೆ ಏನ್ ಮಾಡಿದ್ರಿ?'

ಪಾದವನ್ನು ತೆಳ್ಳಗೆ ಸೀಳಿ ಗಾಜಿಗೆ ಅಂಟಿಸಿದ್ದೆವು.
ಬಣ್ಣ ಚೆನ್ನಾಗಿ ಹತ್ತಿತ್ತು.

ನೂಲು ಮುಗಿದ ಹುಳವನ್ನು ಜಾಲರಿಯಲ್ಲೆತ್ತಿ
ಬಕೆಟ್ಟಿಗೆ ಸುರಿದಳು. ಕಂದು, ಬೆಂದದ್ದು.
'ನಮ್ದೂ ಅಷ್ಟೇ ಬಿಡು.'

ಸ್ವಲ್ಪ ಹೊತ್ತಿನ ಮೇಲೆ,
'ನಿನ್ ಗೂಡು ಒಡೀಬೇಕಾ, ಒಡೀಬಾರ್ದಾ?'
ದಾರಿಯಲ್ಲಿ ಒಡೆಯಬಾರದು, ಅಲ್ಲಿ ಮುಟ್ಟಿದ ಮೇಲೆ ಒಡೆಯಬೇಕು.
'ಒಳಗಿರೋದು ಬದುಕಿರ್ಬೇಕಾ?'
ಹೂಂ.

ಚಿಟ್ಟೆ ಕೊರೆದುಕೊಂಡು ಹೋದ ಗೂಡು ಬಿಚ್ಚಾಣಿಕೆಗೆ ಬಾರದು,
ಎಳೆ ತುಂಡುತುಂಡು, ಮಾರುಕಟ್ಟೆಯಲ್ಲಿ ಕಸದ ರೇಟು.
ರಾಶಿ ಕೆದಕಿ ಅಂಥದೊಂದನ್ನು ಆರಿಸಿ
ಮಡಚದ ಬೆರಳಲ್ಲೇ ನನ್ನ ಅಂಗೈಗೆ ತಳ್ಳಿದಳು:
'ಇದನ್ ನೋಡ್ಕೊಂಡು ಮಾಡು.'

ನನ್ನ ಕೈಗೆ ಯಾವಾಗ ಅಂತ ಕೇಳುತ್ತಾಳೆಂದು
ಉತ್ತರ ಜೋಡಿಸಿಕೊಂಡೇ ಬಂದಿದ್ದೆ.
ಹತ್ತು ವರ್ಷ; ಆಗಬಹುದು, ಆಗದೆಯೂ ಇರಬಹುದು.
ಕೇಳಲಿಲ್ಲ.
ನಾನು ತಂದಿದ್ದ ಪುಟ್ಟ ಸೀಸೆಯನ್ನು ಬೆಳಕಿಗೆ ಹಿಡಿದು
'ಗಂಜಿ ತಿಳಿ' ಅಂದಳು.
ಮುಚ್ಚಳ ತೆಗೆಸಿ ಮೂಸಿದಳು,
ಮೂವತ್ತು ವರ್ಷ ಹುಳದ ನಾತ ಕುಡಿದ ಮೂಗು.
ಇನ್ನೊಮ್ಮೆ ಮೂಸಿದಳು.

'ವಾಸ್ನೇನೇ ಇಲ್ವಲ್ಲೇ?
ವಾಸ್ನೆ ಇಲ್ದಿರೋದು ಎಂಗೆ ಕೆಲ್ಸ ಮಾಡ್ತದೆ?'